ಸುಣ್ಣದ ಕೆಳಗೆ ಮುಚ್ಚಿದ ನೀರಿನ ಗೆರೆ

ನನ್ನ ಮೊದಲ ಮೊಮ್ಮಗ ಹುಟ್ಟಿದ ವರ್ಷದ ಮಾತು ಇದು. ಐವತ್ತರ ದಶಕ. ನಾನು ಕಲಿತದ್ದು ವಿಜಾಪುರದ ಕನ್ನಡ ಶಾಲೆಯಲ್ಲಿ ಎರಡನೆಯ ಇಯತ್ತೆ. ಬರೆಯಲು ಕುಳಿತರೆ ಅಕ್ಷರಕ್ಕಿಂತ ಮುಂಚೆ ಆ ಕೂಸಿನ ಮುಖವೇ ಬರುತ್ತದೆ. ಮುಷ್ಟಿ ಬಿಗಿಹಿಡಿದು, ಮುಂಬಯಿಯ ಇಡೀ ಘಾಟ್ಕೋಪರ್ ತನ್ನದೇ ಎಂಬಂತೆ ಕಿರಿಚುತ್ತಿತ್ತು. ನನಗೋ, ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಸ್ಟೇಷನ್ನಿನ ಆಚೆ, ಹೊಲಸು ನೀರಿನ ನಾಲಾದ ಪಕ್ಕದಲ್ಲಿ ನಮ್ಮ ಚಾಳು. ಕೆಳಗಿನ ಸಾಲಿನಲ್ಲಿ ನಮ್ಮದೊಂದು ಖೋಲಿ. ಓಣಿಯಿಂದ ಎರಡು ದೊಡ್ಡ ಮೆಟ್ಟಿಲು ಎತ್ತರ. ಹಿಂದಿನ ಮಳೆಗಾಲದಲ್ಲಿ ನಾಲಾ ಉಕ್ಕಿ, ಓಣಿಯ ಗೋಡೆಯ ಮೇಲೆ ನನ್ನ ಎದೆಮಟ್ಟಕ್ಕೆ ಕಂದು ಗೆರೆ ಬಿಟ್ಟುಹೋಗಿತ್ತು. ಸೊಸೆಗೆ ತವರಿನಲ್ಲಿ ಯಾರೂ ಇರಲಿಲ್ಲ, ಬಾಣಂತನ ನಮ್ಮಲ್ಲೇ. ಕೂಸು ಬರುವ ಮನೆಯ ಮುಂದೆ ಆ ಹೊಲಸು ಗೆರೆ ಇರಬಾರದೆಂದು ಮಳೆ ಹಿಡಿಯುವ ಮುಂಚೆಯೇ ನಾನು ಗೋಡೆ ತಿಕ್ಕಿ ತೊಳೆದು, ಎರಡು ಸಲ ಸುಣ್ಣ ಹೊಡೆದೆ. ಬುಡದಲ್ಲಿ ಮೊಣಕಾಲುಮಟ್ಟ ಕೆಮ್ಮಣ್ಣಿನ ಪಟ್ಟಿ ಬಳಿದೆ. ನಮ್ಮ ಕಡೆ ಹಾಗೆಯೇ.

ಕೂಸು ಹುಟ್ಟಿದ ವಾರಕ್ಕೆ ಕರೆಂಟಿನ ಕಂಪನಿಯ ಫಿಟ್ಟರ್ ಬಂದ. ದಾದರಿನ ಆಫೀಸಿನಲ್ಲಿ ಕಾರಕೂನನಾಗಿದ್ದ ನನ್ನ ಮಗ ಅರ್ಜಿ ಹಾಕಿ ಹಾಕಿ ಸಾಕಾಗಿದ್ದ. ಫಿಟ್ಟರ್ ಬೆಳಗಾವಿಯವನು, ಬಾಯಿತುಂಬ ಕನ್ನಡ. ಮೀಟರಿನ ಪೆಟ್ಟಿಗೆ ಹಿಡಿದು ಗೋಡೆ ನೋಡಿದ.

"ಆಯಿ, ಹ್ವಾದ ವರ್ಷ ನೀರು ಎಲ್ಲಿತನಾ ಬಂದಿತ್ತು?"

"ಯಾಕ ತಮ್ಮಾ?"

"ನೀರು ನಿಂತ ಗೆರಿ ಮ್ಯಾಲೆ ಎರಡು ಮೊಳ ಬಿಟ್ಟು ಪೆಟ್ಟಿಗಿ ಬಡೀಬೇಕು. ಕಂಪನಿ ಕಾಯ್ದೆ. ಸೊಂಟದ ಮ್ಯಾಲೆ ಬಂದಿದ್ರ ಇಲ್ಲಿ ಬಡಿಯಂಗಿಲ್ಲ, ಮಹಡಿ ಮ್ಯಾಲೆ ಹಾಕಬೇಕು. ಮಾಲಕರ ಸಹಿ ಬೇಕು, ಹೊಸಾ ಅರ್ಜಿ ಬೇಕು."

ಹೊಸ ಅರ್ಜಿ ಎಂದರೆ ಮತ್ತೆ ಮೂರು ತಿಂಗಳು. ಹದಿಮೂರನೆಯ ದಿನಕ್ಕೆ ತೊಟ್ಟಿಲು. ನನ್ನ ಮೊಮ್ಮಗ ಬಲ್ಬಿನ ಬೆಳಕಿನಲ್ಲಿ ಹೆಸರಿಡಿಸಿಕೊಳ್ಳಬೇಕು ಎಂದು ಚಾಳಿಗೆಲ್ಲ ಹೇಳಿಕೊಂಡು ಬಂದಿದ್ದೆ. ಕೆಮ್ಮಣ್ಣಿನ ಪಟ್ಟಿಗೆ ಬೆರಳು ತೋರಿಸಿದೆ.

"ಇಲ್ಲೀತನಾ ಬಂದಿತ್ತಪಾ. ಅದಕ್ಕ ಅಲ್ಲೀತನಾ ಕೆಂಪು ಬಳದೀನಿ."

ಅವನು ನಂಬಿದ. ಪಟ್ಟಿಯ ಮೇಲೆ ಎರಡು ಮೊಳ ಅಳೆದು, ಮಹಡಿಯ ಮೆಟ್ಟಿಲ ಪಕ್ಕದಲ್ಲಿ ಪೆಟ್ಟಿಗೆ ಬಡಿದ. ಬಲ್ಬು ಹತ್ತಿತು. ಹಗಲು ಹೊತ್ತಿನಲ್ಲೂ ನಾನು ಅದನ್ನು ಆರಿಸಗೊಡಲಿಲ್ಲ.

ತೊಟ್ಟಿಲಿನ ಹಿಂದಿನ ದಿನ. ಬೆಳಿಗ್ಗೆಯಿಂದ ಜಡಿಮಳೆ, ಮೇಲೆ ಕಡಲು ಉಕ್ಕುವ ಭರತಿ. ಮಗ ಕೆಲಸಕ್ಕೆ ಹೋಗಿದ್ದ. ನಾಲಾದ ನೀರು ಓಣಿಗೆ ಬಂತು, ಮೆಟ್ಟಿಲು ಹತ್ತಿತು, ಖೋಲಿಗೂ ಬಂತು. ಹಸಿ ಬಾಣಂತಿಗೆ ಥಂಡಿ ಹತ್ತಬಾರದೆಂದು ಸೊಸೆಯನ್ನೂ ಕೂಸನ್ನೂ ಇಟ್ಟಿಗೆಯ ಮೇಲೆ ಎತ್ತರಿಸಿದ್ದ ಹೊರಸಿನಲ್ಲೇ ಕೂರಿಸಿ, ತೊಟ್ಟಿಲಿನ ಕಡಲೆ, ಬೆಲ್ಲ, ಹೊಸ ಕುಲಾಯಿ ಹೊತ್ತು ಮಹಡಿಗೆ ಹೋದೆ. ನೋಡಿ ನನ್ನ ಬುದ್ಧಿ! ಬೆಲ್ಲ ಮೊದಲು, ಕೂಸು ಆಮೇಲೆ.

ತಿರುಗಿ ಇಳಿದು ಬರುವಷ್ಟರಲ್ಲಿ ನೀರು ಏರಿಬಿಟ್ಟಿತ್ತು. ಕಟ್ಟಿಗೆಯ ಮೆಟ್ಟಿಲಿನಿಂದ ಒಂದು ಕಾಲು ನೀರಿಗೆ ಇಟ್ಟೆ. ಕಾಲನ್ನು ಯಾರೋ ಬಟ್ಟೆಯಂತೆ ಹಿಂಡಿದ ಹಾಗಾಯಿತು. ಹಿಂದಕ್ಕೆ ಬಿದ್ದೆ, ಹಲ್ಲು ಕಟಕಟ. ಕಣ್ಣೆತ್ತಿದರೆ ಪೆಟ್ಟಿಗೆಯ ಬುಡ ನೀರಿನಲ್ಲಿದೆ, ಒಳಗೆ ಚಟಚಟ ಸದ್ದು. ಎದುರಿಗೆ ತೆರೆದ ಬಾಗಿಲಲ್ಲಿ, ಉರಿಯುವ ಬಲ್ಬಿನ ಕೆಳಗೆ, ಸೊಸೆ ಕೂಸನ್ನು ಎದೆಗೊತ್ತಿಕೊಂಡು ಹೊರಸಿನ ಮೇಲೆ ನಿಂತಿದ್ದಾಳೆ. ನೀರಿಗೂ ಹೊರಸಿಗೂ ನಾಲ್ಕೇ ಬೆರಳು.

"ಅತ್ತೀ, ಇಳದು ಬರ್ಲಿ?"

"ಬ್ಯಾಡ! ಕಾಲು ಇಡಬ್ಯಾಡ! ನೀರಾಗ ಕರೆಂಟ್ ಐತಿ!"

ಮಹಡಿಯ ಕಟಕಟೆಯಿಂದ ಉಡುಪಿ ಕಡೆಯ ಹೋಟೆಲ್ ಭಟ್ಟರು ಬಗ್ಗಿ ನೋಡಿ ನಕ್ಕರು. "ಎಂತ ಅಜ್ಜಿ, ಸ್ನಾನಕ್ಕೆ ಹೆದರಿಕೆಯಾ?"

ಪೆಟ್ಟಿಗೆ ತೋರಿಸಿದೆ. ಅವರ ನಗು ಅಲ್ಲೇ ನಿಂತಿತು. "ಅಯ್ಯೋ ದೇವ್ರೇ" ಎಂದವರೇ ನೀರು ಬಾರದ ಹಿಂದಿನ ಮೆಟ್ಟಿಲಿಳಿದು, ಕರೆಂಟು ತೆಗೆಸಲು ಎತ್ತರದ ರಸ್ತೆಯಲ್ಲಿದ್ದ ಕಂಪನಿಯ ಟ್ರಾನ್ಸ್‌ಫಾರ್ಮರ್ ಮನೆಗೆ ಓಡಿದರು.

ನಾನು ಮೆಟ್ಟಿಲ ಮೇಲೆ ಕುಳಿತೆ. ಮಾಡುವುದಕ್ಕೆ ಏನೂ ಇರಲಿಲ್ಲ. ನೀರಿಗೂ ಹೊರಸಿಗೂ ಅಂತರ ಮೂರು ಬೆರಳಾಯಿತು, ಎರಡಾಯಿತು. ಕೂಸು ಕಿರಿಚಿತು. ಅದರ ದನಿ ಕೇಳಿದಷ್ಟೂ ಹೊತ್ತು ಅದು ಇದೆ ಎಂದುಕೊಂಡೆ. ಸುಣ್ಣ ಕರಗಿ ನೀರಿನಲ್ಲಿ ಬೆಳ್ಳಗೆ ಹರಿಯುತ್ತಿತ್ತು. ಗೆರೆ ಮುಚ್ಚಿದವಳೂ ನಾನು, ಸುಳ್ಳು ಹೇಳಿದವಳೂ ನಾನು.

ಆಗ ಬಲ್ಬು ಆರಿತು.

ದೀಪ ಆರಿತು ಎಂಬ ಮಾತನ್ನೇ ನಮ್ಮಲ್ಲಿ ಬಾಯಿಂದ ಆಡುವುದಿಲ್ಲ. ನಾನು ಮಾತ್ರ "ಆರೇತಿ! ಆರೇತಿ!" ಎಂದು ಕೂಗುತ್ತ ನೀರಿಗೆ ಇಳಿದೇಬಿಟ್ಟೆ. ಈ ಸಲ ಅದು ಬರೀ ನೀರು, ತಣ್ಣಗಿತ್ತು. ಭಟ್ಟರು ಬಂದವರು ದೋಸೆಹಿಟ್ಟಿನ ದೊಡ್ಡ ಪಾತ್ರೆಯಲ್ಲಿ ಕೂಸನ್ನು ಮಲಗಿಸಿ ತಲೆಯ ಮೇಲೆ ಹೊತ್ತು ಮಹಡಿಗೆ ಏರಿಸಿದರು. ನಾನು ಸೊಸೆಯ ರಟ್ಟೆ ಹಿಡಿದು ಹಿಂದೆ ಹೋದೆ.

ಮರುದಿನ ಭಟ್ಟರ ಖೋಲಿಯಲ್ಲೇ, ಕಂದೀಲಿನ ಬೆಳಕಿನಲ್ಲಿ ತೊಟ್ಟಿಲು. ತೊಟ್ಟಿಲಿಗೆಂದು ಬಂದಿದ್ದ ನನ್ನ ಮಗಳು, ಸೋದರತ್ತೆ ಹೆಸರಿಡುವ ಪದ್ಧತಿಯಂತೆ, ಕೂಸಿನ ಕಿವಿಯಲ್ಲಿ 'ಕುರ್‌ರ್' ಎಂದಳು. ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿ ಗುದ್ದಿ ನಕ್ಕರು. ನಾನೂ ನಕ್ಕೆ.

ನೀರಿಳಿದ ಮೇಲೆ ಫಿಟ್ಟರ್ ಬಂದು ಸುಟ್ಟ ಪೆಟ್ಟಿಗೆ ಬಿಚ್ಚಿದ. "ಈ ವರ್ಷ ಇಷ್ಟು ಹೆಂಗ ಬಂತು ಆಯಿ?"

"ಹ್ವಾದ ವರ್ಷಾನೂ ಎದಿತನಾ ಬಂದಿತ್ತು ತಮ್ಮಾ. ನಾ ಸುಳ್ಳು ಹೇಳಿದ್ದೆ."

ಅವನು ಇಕ್ಕಳ ಕೆಳಗಿಟ್ಟ. "ಕೂಸಿಗೆ ಏನರ ಆಗಿದ್ರ ನಾ ಹೆಂಗ ಬದುಕಬೇಕಿತ್ತು?" ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊಸ ಅರ್ಜಿಯಲ್ಲಿ ನೀರಿನ ಎತ್ತರಕ್ಕೆ ಮನೆಯವರ ಸಹಿ ಬೇಕಾಗಿತ್ತು. ಮಗ ಲೇಖನಿ ತೆಗೆದ. ನಾನು ಕಸಿದುಕೊಂಡು, ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಬರೆದೆ. ಮಹಡಿಯ ಮೇಲೆ ಪೆಟ್ಟಿಗೆ ಬಂದದ್ದು ದಸರೆಯ ಹೊತ್ತಿಗೆ. ಬಲ್ಬು ಹತ್ತಿದ ದಿನ ಮೊಮ್ಮಗ ಅದನ್ನು ನೋಡಲೇ ಇಲ್ಲ. ಬೋರಲು ಬೀಳುವುದನ್ನು ಅಂದೇ ಕಲಿತಿದ್ದ. ಬಿದ್ದು, ತಲೆ ಎತ್ತಿ, ಎಲ್ಲರನ್ನೂ ಬಿಟ್ಟು ನನ್ನನ್ನೇ ನೋಡುತ್ತಿದ್ದ.