ಮುಳ್ಳು ನಿಲ್ಲುವ ಜಾಗ

ನಮ್ಮ ಕಾರಿಗೆ ಎಂಜಿನ್ ಒಂದು ಕಡೆಯದು, ಮೀಟರು ಇನ್ನೊಂದು ಕಡೆಯದು. ಅರವತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡನಿಗೆ ದಾವಣಗೆರೆಯ ಮಂಡಿಪೇಟೆಯಲ್ಲಿ ಕಾಳುಕಡಿಯ ವ್ಯಾಪಾರ, ಮನೆ ಪಿ.ಜೆ. ಬಡಾವಣೆಯಲ್ಲಿ. ಅವರು ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡು ಅದಕ್ಕೆ ಡೀಸೆಲ್ ಎಂಜಿನ್ ಕೂರಿಸಿದರು. ನೀರಿನ ಬಿಸಿ ತೋರಿಸುವ ಮೀಟರು ಮಾತ್ರ ಮೊದಲಿನದೇ ಉಳಿಯಿತು. ಅದರ ಅಂಕಿಗಳೆಲ್ಲ ಮಾಸಿಹೋಗಿದ್ದವು. ಮುಳ್ಳು ಎಲ್ಲಿಗೆ ಏರಿದರೆ ಸರಿ, ಎಲ್ಲಿಗೆ ಏರಿದರೆ ಅಪಾಯ ಎಂದು ಹೇಳುವವರು ಊರಲ್ಲಿ ಯಾರೂ ಇರಲಿಲ್ಲ.

ನನ್ನ ಗಂಡ ಮಹಾ ಹಟಮಾರಿ. ಒಂದು ತಿಂಗಳು ಹರಿಹರದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನೋಡಿದರು. ಆಮೇಲೆ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುವವರಿಂದ ಥರ್ಮಾಮೀಟರ್ ಕೇಳಿ ತಂದರು. ಹರಿಹರಕ್ಕೆ ಹೋಗಿ ಬಂದು ಮನೆಯ ಮುಂದೆ ನಿಲ್ಲಿಸಿದವರೇ ಕೈಗೆ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುಗಿಸಿ, ಥರ್ಮಾಮೀಟರನ್ನು ನೀರಿಗೆ ಅದ್ದಿದರು. ನೂರ ಎಂಬತ್ತು ಡಿಗ್ರಿ.

"ನಮಗೆ ತೊಂಬತ್ತೆಂಟು ಹೆಂಗೋ, ಇದಕ್ಕೆ ನೂರ ಎಂಬತ್ತು ಹಂಗೆ. ಇದು ಜ್ವರ ಅಲ್ಲ. ಇದರ ಮೈಬಿಸಿನೇ ಇಷ್ಟು," ಎಂದರು. ಮಗುವನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದವರ ಹಾಗೆ ಅವರ ಮುಖದಲ್ಲಿ ನೆಮ್ಮದಿ ಇತ್ತು. ಮುಳ್ಳು ಆಗ ಎಲ್ಲಿತ್ತೋ ಅಲ್ಲಿಗೆ ಸರಿಯಾಗಿ, ಚೀಲಗಳಿಗೆ ಗುರುತು ಹಾಕುವ ಕೆಂಪು ಬಣ್ಣದಿಂದ ಗಾಜಿನ ಮೇಲೆ ಸಣ್ಣದೊಂದು ಬೊಟ್ಟು ಇಟ್ಟುಕೊಂಡರು. ಬೊಟ್ಟಿನ ಸಂಗತಿ ನನಗೆ ಹೇಳಲಿಲ್ಲ. ಕಾರಿನ ವಿಷಯ ಹೆಂಗಸರಿಗೆ ಯಾಕೆ ಎನ್ನುವ ಕಾಲ ಅದು.

ಆ ವರ್ಷದ ಆಯುಧಪೂಜೆಗೆ ಅವರು ಅಂಗಡಿಯಲ್ಲಿ ತಕ್ಕಡಿ, ತೂಕದ ಕಲ್ಲುಗಳ ಪೂಜೆಗೆ ನಿಂತರು. ಕಾರು ನನ್ನ ಪಾಲಿಗೆ ಬಂತು. ಒಳಗೂ ಹೊರಗೂ ತಿಕ್ಕಿ ತೊಳೆದೆ. ಮೀಟರಿನ ಗಾಜಿನ ಮೇಲೆ, ಬಲಗಡೆ ಅಂಚಿನ ಹತ್ತಿರ, ಒಣಗಿದ ಕೆಂಪು ಚುಕ್ಕಿ ಕಂಡಿತು. ಹೋದ ವರ್ಷದ ಕುಂಕುಮ ಅಂದುಕೊಂಡೆ. ಇಡುವುದನ್ನಾದರೂ ನೆಟ್ಟಗೆ ಇಡಬಾರದೇ, ಗಂಡಸರ ಕೆಲಸವೇ ಇಷ್ಟು ಎಂದು ಗೊಣಗುತ್ತ ಉಗುರಿನಿಂದ ಕೆರೆದು ತೆಗೆದೆ. ಸ್ಟೇರಿಂಗಿಗೆ, ಬಾನೆಟ್ಟಿಗೆ ವಿಭೂತಿ ಬಳಿದು, ಮೀಟರಿನ ಗಾಜಿನ ನಟ್ಟನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಗುಂಡಗೆ ಇಟ್ಟೆ. ದೂರ ನಿಂತು ನೋಡಿದೆ, ಚೆಂದ ಕಂಡಿತು.

ಹಬ್ಬದ ಮರುದಿನ ಅವರು ರೈಲು ಹತ್ತಿ ವ್ಯಾಪಾರಕ್ಕೆಂದು ಹುಬ್ಬಳ್ಳಿಗೆ ಹೋದರು. ಅದರ ಮಾರನೆಯ ದಿನ ಮಧ್ಯಾಹ್ನ ಹರಿಹರದಿಂದ ಆಳು ಬಂದ. ನನ್ನ ನಾದಿನಿ ಅಲ್ಲಿಯ ಸೊಸೆ. ಮೊದಲ ಹೆರಿಗೆ ನಮ್ಮಲ್ಲಿ ಆಗಿತ್ತು, ಇದು ಎರಡನೆಯದು, ಹಾಗಾಗಿ ಗಂಡನ ಮನೆಯಲ್ಲೇ ಇದ್ದಳು. ಬೆಳಗಿನಿಂದ ನೋವು, ಮಗು ಹೊರಬರುತ್ತಿಲ್ಲ, ದಾವಣಗೆರೆಯ ದೊಡ್ಡಾಸ್ಪತ್ರೆಗೇ ಒಯ್ಯಬೇಕು ಎಂದು ಸೂಲಗಿತ್ತಿ ಕೈಚೆಲ್ಲಿದ್ದಳಂತೆ. ಮೈದುನ ಕಾರು ತೆಗೆದ. ಎಂಜಿನ್ ಬದಲಾದ ಮೇಲೆ ಅವನು ಅದನ್ನು ಓಡಿಸಿದ್ದು ಅದೇ ಮೊದಲು. ಅತ್ತೆ ಮುಂದೆ ಕೂತರು, ನಾನು ಹಿಂದೆ.

ಹೋಗುವಾಗ ದಾರಿಯಲ್ಲಿ ಒಮ್ಮೆ ನಿಲ್ಲಿಸಿದ. "ಕಾದೈತೆ," ಎಂದ. ಇರಬಹುದು ಎಂದುಕೊಂಡೆ. ನಾದಿನಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ವಾಪಸು ಹೊರಟೆವು. ಮೂರು ಮೈಲಿಯೂ ಆಗಿರಲಿಲ್ಲ, ಮತ್ತೆ ನಿಲ್ಲಿಸಿ ಬಾನೆಟ್ ಎತ್ತಿದ.

"ಯಾಕ ನಿಲ್ಸಿದ್ಯೋ?" ಎಂದು ಅತ್ತೆ ಚೀರಿದರು.

"ಅಣ್ಣ ಹೇಳ್ಯಾನವ್ವ. ಮುಳ್ಳು ಕೆಂಪು ಬೊಟ್ಟು ದಾಟಿದ್ರೆ ನಿಲ್ಸಿಬಿಡು, ಆರಾತನಕ ಮುಟ್ಟಬ್ಯಾಡ ಅಂತ. ಎಂಜಿನ್ ಹಿಡ್ಕೊಂಡ್ರೆ ಇಲ್ಲೇ ಕೂಡ್ಬೇಕಾಗ್ತದೆ."

ಮುಂದಕ್ಕೆ ಬಗ್ಗಿ ಗಾಜನ್ನು ನೋಡಿದೆ. ಮುಳ್ಳು ನನ್ನ ಬೊಟ್ಟನ್ನು ದಾಟಿ, ನಾನು ಉಗುರಿನಿಂದ ಕೆರೆದ ಜಾಗದಲ್ಲಿ ನಿಂತಿತ್ತು.

ಎಲ್ಲವೂ ಆ ಕ್ಷಣದಲ್ಲೇ ಅರ್ಥವಾಯಿತು. ಆ ಬೊಟ್ಟು ನಾನಿಟ್ಟಿದ್ದು, ನಡಿ ಎಂದರೆ ಮುಗಿದಿತ್ತು. ಹೇಳಲಿಲ್ಲ. ನನ್ನ ಮಾತು ಕೇಳಿ ಓಡಿಸಿ ಎಂಜಿನ್ ಸುಟ್ಟುಹೋದರೆ ಎಂಬ ಭಯ ಇತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಇದ್ದದ್ದು ಅತ್ತೆಯ ಭಯ. ಮಗಳು ನರಳುತ್ತಿರುವಾಗ, ಇದಕ್ಕೆಲ್ಲ ನಿನ್ನ ಕೈಯೇ ಕಾರಣ ಎಂದು ಅವರು ತಿರುಗಿ ನೋಡುವ ನೋಟಕ್ಕೆ ಹೆದರಿದೆ. ಇನ್ನೇನು ಹೊರಡುತ್ತಾನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೊರಟ, ಮತ್ತೆ ನಿಂತ, ಇನ್ನೊಮ್ಮೆ ನಿಂತ. ಅವನು ಕೈ ಅಡ್ಡ ಹಾಕಿದರೂ ಲಾರಿಯೊಂದು ನಿಲ್ಲದೆ ಹೋಯಿತು. ಅರ್ಧ ಗಂಟೆಯೂ ಹಿಡಿಯದ ದಾರಿಗೆ ಎರಡು ಗಂಟೆ ಹಿಡಿಯಿತು.

ನಾದಿನಿ ಉಳಿದಳು. ಗಂಡು ಮಗು ಹುಟ್ಟಿತು, ಅಳಲಿಲ್ಲ. "ಒಂದು ತಾಸು ಮೊದ್ಲು ಬರ್ಬಾರ್ದಿತ್ತೇನ್ರಿ?" ಎಂದು ಡಾಕ್ಟರು ಯಾರಿಗೂ ಅಲ್ಲ ಎಂಬಂತೆ ಕೇಳಿದರು.

ನನ್ನ ಗಂಡ ಊರಿಂದ ಬಂದವರೇ ಕಾರಿನಲ್ಲಿ ಕೂತು ಗಾಜು ನೋಡಿದರು. ಒಳಗೆ ಬಂದು, "ನೀನು ಒರೆಸಿದ್ಯಾ?" ಎಂದು ಮೆಲ್ಲಗೆ ಕೇಳಿದರು. ಹೌದು, ಗುರುತು ಅಂತ ಗೊತ್ತಿರಲಿಲ್ಲ ಎಂದು ನಾನು ಅಳುತ್ತ ಹೇಳಿದೆ. ಅದು ನಿಜವೇ. "ನಿನಗೆ ಹೇಳದೆ ಇದ್ದದ್ದು ನಂದೇ ತಪ್ಪು," ಎಂದರು. ಕಡೆಯವರೆಗೂ ಆ ತಪ್ಪನ್ನು ಅವರೇ ಹೊತ್ತುಕೊಂಡಿದ್ದರು. ದಾರಿಯಲ್ಲೇ ನನಗೆ ಗೊತ್ತಾಗಿತ್ತು ಎಂಬುದನ್ನು ಅವರಿಗೂ ಹೇಳಲಾಗಲಿಲ್ಲ.

ಆ ಮಗು ನನ್ನೊಳಗೆ ಬೆಳೆಯುತ್ತಲೇ ಹೋಯಿತು. ಈಗ ನಡೆಯುತ್ತಿತ್ತು, ಈಗ ಶಾಲೆಗೆ ಹೋಗುತ್ತಿತ್ತು, ಈಗ ಮೀಸೆ ಬರುತ್ತಿತ್ತು ಎಂದು ದಿನ ಎಣಿಸುತ್ತಿದ್ದೆ. ಬೀದಿಯಲ್ಲಿ ಅದೇ ವಯಸ್ಸಿನ ಹುಡುಗ ಎದುರಾದರೆ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದೆ. ಬಾನೆಟ್ ಎತ್ತಿ ನಿಂತ ಕಾರು ಕಂಡರೆ ಈಗಲೂ ನನ್ನ ತೊಡೆ ಭಾರವಾಗುತ್ತದೆ.

ಅತ್ತೆ ಹೋದರು, ಗಂಡನೂ ಹೋದರು. ಹೋದ ವರ್ಷ ನಾದಿನಿ ನಾಲ್ಕು ದಿನ ಇರಲು ಬಂದಿದ್ದಳು. ಇಬ್ಬರೂ ಮುದುಕಿಯರು, ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆವು. ಇನ್ನು ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟೆ. ಒರೆಸಿದ್ದು, ಗೊತ್ತಾಗಿದ್ದು, ಸುಮ್ಮನಿದ್ದದ್ದು.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಅತ್ಗೆ," ಎಂದಳು. "ನಿಮ್ಮ ತೊಡಿ ಮ್ಯಾಲೆ ಮಲಗಿದ್ನಲ್ಲ. ಅವ ಬೊಟ್ಟು ಅಂದ ಕೂಡ್ಲೆ ನಿಮ್ಮ ಮುಖ ಬಿಳಚಿಕೊಳ್ತು. ಇವರಿಗೆ ಏನೋ ಗೊತ್ತೈತೆ, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಆಸ್ಪತ್ರೆ ಬರಾತನಕ ನಿಮ್ಮನ್ನೇ ನೋಡ್ತಿದ್ದೆ."