ಅಳಿಯನ ಗಿಟಾರು, ನನ್ನ ಕಂಡಿಕೆ

ಪುಣೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ಒಲೆಯ ಮೇಲಿನ ಬೋಗುಣಿಯ ಮುಚ್ಚಳ ತೆಗೆದರೆ ಒಳಗೆ ತಂತಿ ಕುದಿಯುತ್ತಿತ್ತು. ನಾಲ್ಕು ತಂತಿ, ಸಿಂಬಿ ಸುತ್ತಿಕೊಂಡು ಬಿದ್ದಿದ್ದವು. ಒಂದಂತೂ ಕೊಡೆಯ ಕಡ್ಡಿಯಷ್ಟು ದಪ್ಪ. ನೀರು ಕಪ್ಪಾಗಿ ಮೇಲೆ ಜಿಡ್ಡು ತೇಲುತ್ತಿತ್ತು. ಮುಚ್ಚಳ ಮುಚ್ಚಿ ಮಗಳನ್ನು ಕರೆದೆ.

"ನೀಲಾ, ಇದ್ಯಾವ ಅಡಗಿ ನಿಮ್ಮೂರಾಗ?"

"ಅವರ ಗಿಟಾರಿನ ತಂತಿ ಯವ್ವಾ. ಬೆವರು ಕುಂತು ಸಪ್ಪಳ ಸತ್ತಿರ್ತೈತಂತ. ಕುದಿಸಿದ್ರ ಮತ್ತ ಜೀವ ಬರ್ತೈತಿ."

"ಹೊಸಾವು ತರಬೇಕಪ್ಪ."

"ಅವು ಇಲ್ಲೆ ಎಲ್ಲಿ ಸಿಗ್ತಾವು? ಮುಂಬೈಗೆ ಹೋಗೋರಿಗೆ ಹೇಳಿ ತರಸ್ಬೇಕು."

ಅದೇ ಬೋಗುಣಿಯಲ್ಲಿ ಸಂಜೆ ಬೇಳೆ ಬೇಯಿಸುತ್ತಾರೆ ಎಂದು ತಿಳಿದಾಗ ನಾನು ಊಟ ಬಿಟ್ಟೆ. ಮರುದಿನ ಹಸಿವಾಯಿತು, ಉಂಡೆ. ಹೊಸ ಊರಿಗೆ ಒಗ್ಗಿಕೊಳ್ಳುವುದೆಂದರೆ ಇಷ್ಟೇ, ಇದರಲ್ಲಿ ದೊಡ್ಡ ಮಾತೇನೂ ಇಲ್ಲ.

ನಾನು ಗುಳೇದಗುಡ್ಡದವಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿ ಕಂಡಿಕೆ ಸುತ್ತಲು ಕೂರಿಸಿದರು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸುರುಳಿ. ಐವತ್ತು ವರ್ಷ ಅದನ್ನೇ ಸುತ್ತಿದೆ. ಖಣದ ಕುಪ್ಪಸ ತೊಡುವವರು ಕಡಿಮೆಯಾದರು, ನಮ್ಮ ಎರಡೂ ಮಗ್ಗ ನಿಂತವು, ಗಂಡ ತೀರಿಕೊಂಡ. ಗಂಡು ಮಕ್ಕಳಿಲ್ಲ. ತೊಂಬತ್ತಾರನೆಯ ಇಸವಿಯಲ್ಲಿ ನೀಲಾ ಬಂದು ನನ್ನನ್ನು ಪುಣೆಯ ಧನಕವಡಿಗೆ ಕರೆದುಕೊಂಡು ಬಂದಳು. ಅಳಿಯ ಶರಣಪ್ಪನವರು ಆಳಂದದ ಕಡೆಯವರು. ಭೋಸರಿಯಲ್ಲಿ ತಗಡು ಬಡಿದು ಗಾಡಿಯ ಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ದಿನವಿಡೀ ಪ್ರೆಸ್ಸಿನ ಹೊಡೆತದ ನಡುವೆ ನಿಲ್ಲುವ ಕೆಲಸ.

ಮನೆ ಎರಡು ಖೋಲಿ, ನಡುವೆ ಒಂದೇ ಬಾಗಿಲು. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ಬರುವುದಿಲ್ಲ, ಬಂದರೂ ಸೆರಗು ಹಣೆಯವರೆಗೆ ಎಳೆದುಕೊಂಡು ಬದಿಗೆ ಸರಿಯುತ್ತಾಳೆ, ಹೇಳಬೇಕಾದ್ದನ್ನು ಮಗಳ ಬಾಯಿಂದ ಹೇಳಿಸುತ್ತಾಳೆ. ನಿಮಗೆ ಇದು ಗೊತ್ತಿದ್ದದ್ದೇ. ಗುಳೇದಗುಡ್ಡದ ಮನೆಯಲ್ಲಿ ಸರಿಯಲು ಜಾಗವಿತ್ತು. ಇಲ್ಲಿ ಅವರು ಎರಡು ಮೊಳ ದೂರದಲ್ಲಿ ಕುಳಿತಿದ್ದರೂ ನಾನು ಒಲೆಯ ಕಡೆ ಮುಖ ಮಾಡಿ ಹೇಳುತ್ತಿದ್ದೆ:

"ನೀಲಾ, ಚಾ ಆರಾಕತ್ತೈತಿ ಅಂತ ಹೇಳು."

"ನಾ ಏನ್ ಟೆಲಿಫೋನ್ ಆಫೀಸ್ನಾಕೀನ? ಕೂತಾರಲ್ಲ ಮುಂದ, ನೀನ ಹೇಳು."

ನಾನು ಹೇಳುತ್ತಿರಲಿಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸು ತನ್ನ ಅಳಿಯನ ಜೊತೆ ಒಂದೇ ಸೋಫಾದ ಮೇಲೆ ಕುಳಿತು ಕ್ರಿಕೆಟ್ ನೋಡುತ್ತಾಳೆ, ಒಂದೇ ತಾಟಿನಿಂದ ಚಿವಡಾ ತಿನ್ನುತ್ತಾಳೆ. ಅವಳು ಒಂದು ದಿನ ನನ್ನನ್ನು ಕೇಳಿದಳು: "ಜಾವಯಾಶೀ ಭಾಂಡಣ್ ಝಾಲಂ ಕಾ?" ಜಾವಯಿ ಎಂದರೆ ಅಳಿಯ, ಭಾಂಡಣ ಎಂದರೆ ಜಗಳ. ಜಗಳವಲ್ಲ, ಮರ್ಯಾದೆ ಎಂದು ಹೇಳುವಷ್ಟು ಮರಾಠಿ ನನಗೆ ಬರುತ್ತಿರಲಿಲ್ಲ. ಸುಮ್ಮನೆ ನಕ್ಕೆ. ಜಗಳವೇ ಎಂದು ಅವಳು ತಿಳಿದುಕೊಂಡಳು.

ಅಳಿಯನದೂ ಮಾತು ಕಡಿಮೆ. ಕರೆದರೆ ಓ ಅನ್ನುವುದಿಲ್ಲ ಎಂದು ನೀಲಾ ಸಿಡುಕುತ್ತಿದ್ದಳು. ಗಂಭೀರ ಮನುಷ್ಯ, ಅತ್ತೆಯಿರುವ ಮನೆಯಲ್ಲಿ ದನಿ ತಗ್ಗಿಸಿಕೊಂಡು ಇರುತ್ತಾರೆ ಎಂದು ನಾನು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ಅವರ ಚಟ ಆ ಗಿಟಾರು ಒಂದೇ. ಅದಕ್ಕೆ ಬೇಸ್ ಗಿಟಾರು ಎನ್ನುತ್ತಾರೆ. ಹಾಡು ಅದರಿಂದ ಬರುವುದಿಲ್ಲ, ಹಾಡಿನ ಅಡಿಯಲ್ಲಿ ಧಿಮ್ ಧಿಮ್ ಎಂದು ನಡೆಯುತ್ತದೆ. ಯಾರೋ ಬಿಟ್ಟುಹೋದ ಮುರುಕು ಸಾಮಾನನ್ನು ತಂದು ತಾವೇ ಎಬ್ಬಿಸಿ ನಿಲ್ಲಿಸಿದ್ದರು. ರವಿವಾರ ಶಿವಾಜಿನಗರದಲ್ಲಿ ಒಂದು ಅಂಗಡಿಯ ಮೇಲಿನ ಖೋಲಿಯಲ್ಲಿ ಕಾರ್ಖಾನೆಯ ಐದು ಜನ ಕೂಡಿ ಬಾರಿಸುತ್ತಿದ್ದರು. ಉಳಿದ ದಿನಗಳಲ್ಲಿ ರಿಪೇರಿ. ಮಳೆಗಾಲದ ತೇವಕ್ಕೆ ಅದರ ಕುತ್ತಿಗೆ ಬಾಗುತ್ತದೆ, ಒಳಗಿರುವ ಕಬ್ಬಿಣದ ಸರಳನ್ನು ಕೀಲಿ ಹಾಕಿ ತಿರುವಿ ನೆಟ್ಟಗೆ ಮಾಡಬೇಕು. ತಂತಿ ಬಿಗಿಯುವ ಕಿವಿ ಸಡಿಲಾದರೆ ಲೇಥಿನ ಮೇಲೆ ಹೊಸದು ಕಡೆಯಬೇಕು. ಮೈಯ ಬಣ್ಣವನ್ನು ಕೆರೆದು ತೆಗೆದು, ಬರೀ ಕಟ್ಟಿಗೆಗೆ ಎಣ್ಣೆ ತಿಕ್ಕಿ, ತಮಗೆ ಬೇಕಾದಂತೆ ಮಾಡಿಕೊಂಡಿದ್ದರು. ಮಗ್ಗದ ಮನೆಯವಳಿಗೆ ಇದು ಹೊಸದಲ್ಲ. ನಮ್ಮಲ್ಲೂ ನೇಯ್ದದ್ದಕ್ಕಿಂತ ಮಗ್ಗ ಸರಿಮಾಡಿದ್ದೇ ಹೆಚ್ಚು. ಮಾತಿಲ್ಲದಿದ್ದರೂ ನಾನು ತಂತಿ ಹಿಡಿಯುವುದು, ಅವರು ಬಿಗಿಯುವುದು ನಡೆಯಿತು. ಈ ಊರಿನಲ್ಲಿ ನನ್ನ ಕೈಗೆ ಸಿಕ್ಕ ಕೆಲಸ ಅದೊಂದೇ.

ನಾನು ಬಂದ ಐದನೆಯ ವರ್ಷ ಅದರ ಪಿಕಪ್ಪು ಸುಟ್ಟಿತು. ಪಿಕಪ್ಪು ಎಂದರೆ ತಂತಿಗಳ ಕೆಳಗೆ ಕೂತಿರುವ ಸಣ್ಣ ಡಬ್ಬಿ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿ ಸಾವಿರಾರು ಸುತ್ತು. ತಂತಿಯ ನಡುಕವನ್ನು ಅದು ಹಿಡಿದು ವೈರಿನಲ್ಲಿ ಸ್ಪೀಕರಿನ ಪೆಟ್ಟಿಗೆಗೆ ಕಳಿಸಿದರೆ ಅಲ್ಲಿಂದ ಸಪ್ಪಳ ಬರುತ್ತದೆ. ಮುಂದಿನ ರವಿವಾರ ಅವರ ಗೆಳೆಯನ ಮಗಳ ಮದುವೆಯಲ್ಲಿ ಬಾರಿಸುವುದಿತ್ತು. ಮಂದಿಯ ಮುಂದೆ ಬಾರಿಸುವುದು ಅದೇ ಮೊದಲು.

"ನೀಲಾ, ನಿಮ್ಮವ್ವಗ ಕೇಳು. ಕಂಡಿಕಿ ಸುತ್ತಿದ ಕೈ ಅದ. ಇದನ್ನ ಸುತ್ತತಾರೇನು?"

"ಸುತ್ತತೀನಿ ಅಂತ ಹೇಳು" ಎಂದೆ.

ತಂತಿ ತರಲು ನಾನೇ ಮೋಟಾರು ರಿಪೇರಿಯ ಅಂಗಡಿಗೆ ಹೋದೆ. ಅವನು ತೋರಿಸಿದ್ದೆಲ್ಲ ದಪ್ಪ. "ಅಜೂನ್ ಬಾರೀಕ್" ಎಂದೆ, ಇನ್ನೂ ತೆಳು ಎಂದು. ಎಷ್ಟು ತೆಳು ಎಂದು ಕೇಳಿದ. ತಲೆಯಿಂದ ಒಂದು ಬಿಳಿ ಕೂದಲು ಕಿತ್ತು ಗಲ್ಲೆಯ ಮೇಲೆ ಇಟ್ಟೆ. ಅವನು ನಕ್ಕು ಒಳಗಿನಿಂದ ಬೇರೆ ಸುರುಳಿ ತಂದ. ಪುಣೆಯಲ್ಲಿ ನಾನು ಗೆದ್ದದ್ದು ಅದೊಂದು ದಿನ.

ಮೂರು ಹಗಲು ಸುತ್ತಿದೆ. ಕೊನೆಯ ದಿನ ನಡುವೆಲ್ಲೋ ತಂತಿ ಪಟ್ಟನೆ ಹರಿಯಿತು. ರೇಷ್ಮೆ ಹರಿದರೆ ಏನು ಮಾಡುತ್ತೇವೆ? ಎರಡೂ ತುದಿಗೆ ಚಿಟಿಕೆ ಬೂದಿ ಹಚ್ಚಿ ಹೊಸೆಯುತ್ತೇವೆ, ಗಂಟೂ ಕಾಣುವುದಿಲ್ಲ. ಹಾಗೇ ಹೊಸೆದು ಮುಂದೆ ಸುತ್ತಿದೆ. ಅಳಿಯ ಕೆಲಸಕ್ಕೆ ಹೋಗಿದ್ದರು, ಹೇಳಲು ನೀಲಾಳೂ ಇರಲಿಲ್ಲ. ಆ ತಾಮ್ರದ ಮೇಲೆ ಕಣ್ಣಿಗೆ ಕಾಣದ ವಾರ್ನಿಷ್ ಇರುತ್ತದೆ, ಅದನ್ನು ಸುಟ್ಟು ತೆಗೆಯದೆ ಹೊಸೆದರೆ ಕರೆಂಟು ದಾಟುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಶನಿವಾರ ಮಧ್ಯಾಹ್ನ ಅವರು ಅದನ್ನು ಕೂರಿಸಿ ಪೆಟ್ಟಿಗೆ ಚಾಲೂ ಮಾಡಿದರು. ಪೆಟ್ಟಿಗೆಯಿಂದ ಗುಂಯ್ ಎಂಬ ಒಂದೇ ಸಪ್ಪಳ ಬಂತು. ತಂತಿ ಮೀಟಿದರು. ಅದೇ ಗುಂಯ್, ಬೇರೇನೂ ಇಲ್ಲ. ಗದ್ದವನ್ನು ಗಿಟಾರಿನ ಕಟ್ಟಿಗೆಗೆ ಊರಿ, ಒಂದು ಅಂಗೈ ಪೆಟ್ಟಿಗೆಯ ಮೇಲಿಟ್ಟು ಮತ್ತೆ ಮೀಟಿದರು. ಮುಖ ಅರಳಿತು.

"ನೀಲಾ, ಭಾಳ ಛಲೋ ಬಂದದ ಅಂತ ಹೇಳು ನಿಮ್ಮವ್ವಗ. ಅಂಗಡಿದಕ್ಕಿಂತ ಛಲೋ ಬಂದದ."

ನೀಲಾ ಹೊರಗೆ ನೀರು ತುಂಬುತ್ತಿದ್ದಳು. ನಾನು ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದೆ. ಸಪ್ಪಳ ಬಂದಿಲ್ಲ ಎಂದು ನನ್ನ ಕಿವಿಗೆ ಗೊತ್ತಿತ್ತು. ಅತ್ತೆಯ ಮನಸ್ಸು ನೋಯಬಾರದೆಂದು ಹಾಗೆ ಅಂದರು, ನಾಳೆ ಎಲ್ಲಿಯೋ ಸರಿಮಾಡಿಸಿಕೊಳ್ಳುತ್ತಾರೆ ಎಂದುಕೊಂಡೆ. ಅಳಿಯನ ಮಾತಿಗೆ ಎದುರು ಆಡಬಾರದು. ಒಳಗೆ ಹೋಗಿ ರೊಟ್ಟಿ ಬಡಿದೆ.

ಮದುವೆಗೆ ನಾನು ಹೋಗಲಿಲ್ಲ. ನೀಲಾ ಬಂದು ಹೇಳಿದಳು.

"ಬರೇ ಗುಂಯ್ ಅಂತಿತ್ತು ಯವ್ವಾ. ಇವ್ರು ಕಣ್ಣು ಮುಚ್ಕೊಂಡು ಬಾರಸಾಕತ್ತಿದ್ರು. ಹಾಡೋ ಮನುಷ್ಯಾ ಹೊಳ್ಳಿ ಕೈಸನ್ನಿ ಮಾಡ್ದ, ಇವ್ರು ನಕ್ಕು ಗೋಣು ಹಾಕಿದ್ರು. ಕಡೀಕ ಆತ ಬಂದು ವೈರ್ ಕಿತ್ತ. ವೈರ್ ಕಿತ್ತರೂ ಬಾರಸಾಕತ್ತಿದ್ರು ಯವ್ವಾ. ಮಂದಿ ನಕ್ರು."

ಅಳಿಯ ಗಿಟಾರನ್ನು ಮೂಲೆಗೆ ಒರಗಿಸಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ನೀಲಾ ಎದುರಿಗೆ ಕುಕ್ಕರಿಸಿ, ಗದ್ದ ಹಿಡಿದು ಎತ್ತಿ ಕೇಳಿದಳು: "ಕಿವಿ ಕೇಳಲಾರದ ಎಷ್ಟು ದಿವಸಾತ್ರಿ?"

"ಭಾಳ ದಿವಸಾತು. ಕಟಗಿಯಾಗ ಕೇಳಸ್ತದ. ಅಷ್ಟ ಸಾಕು ಅಂದಿದ್ದೆ."

ಡಾಕ್ಟರು ನರ ಸತ್ತಿದೆ, ವಾಪಸು ಬರುವುದಿಲ್ಲ ಎಂದರು. ಕಿವಿಗೆ ಹಾಕುವ ಮಶೀನು ಕೊಟ್ಟರು. ಅದರಲ್ಲಿ ರಿಕ್ಷಾದ ಸದ್ದು, ಕುಕ್ಕರಿನ ಸೀಟಿ ದೊಡ್ಡದಾಗುತ್ತದೆಯೇ ಹೊರತು ಮಾತು ಬಿಡಿಯಾಗುವುದಿಲ್ಲ. ಅದು ಈಗ ಸಾಸಿವೆಯ ಡಬ್ಬಿಯ ಪಕ್ಕದಲ್ಲಿದೆ. ಕೆಲಸ ಹೋಗಲಿಲ್ಲ. ಪ್ರೆಸ್ಸಿನ ಮುಂದೆ ನಿಲ್ಲಲು ಕಿವಿ ಬೇಕಾಗಿಲ್ಲ. ಶಿವಾಜಿನಗರಕ್ಕೆ ಅವರು ಮತ್ತೆ ಹೋಗಲಿಲ್ಲ, ಯಾರೂ ಕರೆಯಲೂ ಬರಲಿಲ್ಲ.

ಐದು ವರ್ಷ ಒಂದೇ ಮನೆಯ ಅನ್ನ ಉಂಡು ಒಬ್ಬ ಮನುಷ್ಯನಿಗೆ ಕಿವಿ ಕೇಳುತ್ತಿಲ್ಲ ಎಂದು ನನಗೆ ತಿಳಿಯಲಿಲ್ಲ. ಹೇಗೆ ತಿಳಿಯಬೇಕು? ನಾನು ಮಾತಾಡಿಸಿದ್ದರೆ ತಾನೇ.

ಅವತ್ತಿನಿಂದ ನೀಲಾ ಹಟ ಹಿಡಿದಳು. "ಸೆರಗ ತಗಿ. ಮುಂದ ನಿಂತು ಬಾಯಿ ತೋರ್ಸಿ ಮಾತಾಡು. ಇಲ್ಲಂದ್ರ ಅವರಿಗೆ ನೀ ಒಂದ, ಆ ಗ್ವಾಡಿ ಒಂದ."

ಮೊದಲ ಮಾತು ಉಪ್ಪಿನದು. ತಲೆಯ ಸೆರಗು ಹೆಗಲಿಗೆ ಇಳಿಸಿ, ಎದುರಿಗೆ ನಿಂತು, "ಉಪ್ಪು ಸಾಕಾತೇನ್ರಿ?" ಎಂದೆ. ಅವರು ನನ್ನ ತುಟಿ ನೋಡಿದರು. ನನಗೂ ನಾಚಿಕೆ, ಅವರಿಗೂ ನಾಚಿಕೆ. "ಸಾಕ್ರಿ ಅತ್ತಿ" ಎಂದು ತಾಟಿನ ಕಡೆ ತಲೆ ಬಾಗಿಸಿದರು. ಹೀಗೆ ಅಕ್ಕಿ, ನೀರು, ಲೈಟು ಎಂದು ದಿನಕ್ಕೆ ನಾಲ್ಕು ಮಾತು ಆಡುವುದು ರೂಢಿಯಾಯಿತು.

ಹೋದ ವರ್ಷ ಊರಿಗೆ ಹೋಗಿದ್ದೆ. ತಂಗಿ ಗಂಗವ್ವನ ಅಳಿಯ ಪಡಸಾಲೆಯಲ್ಲಿ ಕೂತಿದ್ದ. ಕೈಗೆ ಬಂದ ರೂಢಿ, ಸೆರಗು ಇಳಿಸಿ ಅವನ ಮುಖಕ್ಕೆ ಮುಖ ಕೊಟ್ಟು, ಜೋರಾಗಿ "ಊಟಕ್ಕ ಏಳ್ರಿ" ಎಂದೆ. ಆತ ಗಾಬರಿಯಾಗಿ ಎದ್ದು ಹೊರಗೆ ಹೋದ. ಗಂಗವ್ವ ಒಳಗೆ ಎಳೆದುಕೊಂಡು ಹೋದಳು.

"ಪುಣೆಗೆ ಹೋಗಿ ಮಾನ ಮರ್ಯಾದಿ ಎಲ್ಲಾ ಅಲ್ಲೇ ಮಾರಿ ಬಂದೀಯೇನ?"

ಹದಿನೈದು ದಿನ ಇರಬೇಕೆಂದು ಹೋದವಳು ನಾಲ್ಕನೆಯ ದಿನ ಬಸ್ಸು ಹತ್ತಿದೆ. ಅಲ್ಲಿ ನಾನು ಬಾಯಿ ಬಿಟ್ಟರೆ ತಪ್ಪು. ಇಲ್ಲಿ ಬಾಯಿ ಬಿಟ್ಟರೂ ಮುಟ್ಟುವುದು ಅರ್ಧ. ದಿನದಿಂದ ದಿನಕ್ಕೆ ಅವರು ಎಲ್ಲದಕ್ಕೂ ಹೂಂ ಎನ್ನುವುದು ಹೆಚ್ಚಾಗಿದೆ.

ಧನಕವಡಿಯ ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಅಳಿಯ ಕಿಟಕಿಯ ಬೆಳಕಿಗೆ ಬೆನ್ನು ಬಾಗಿಸಿ, ಗಿಟಾರಿನ ಕುತ್ತಿಗೆಗೆ ಎಣ್ಣೆ ತಿಕ್ಕುತ್ತಿದ್ದರು. ಅದನ್ನು ಅವರು ಈಗ ಬಾರಿಸುವುದಿಲ್ಲ, ರಿಪೇರಿ ಮಾತ್ರ ಮಾಡುತ್ತಾರೆ. ನನ್ನ ಸುತ್ತನ್ನು ಬಿಚ್ಚಿ ತಾವೇ ಮತ್ತೆ ಸುತ್ತಿ ಕೂರಿಸಿದ್ದಾರೆ. ಸಪ್ಪಳ ಬರುತ್ತದೋ ಇಲ್ಲವೋ ಎಂದು ನನ್ನನ್ನು ಕೇಳಿಲ್ಲ. ಹೊಸೆದ ಜಾಗ ಅವರ ಕೈಗೆ ಸಿಕ್ಕಿರಲೇಬೇಕು. ಅದನ್ನೂ ಹೇಳಿಲ್ಲ.

ಚೀಲ ಕೆಳಗಿಟ್ಟು ಅವರ ಬೆನ್ನ ಹಿಂದೆ ನಿಂತೆ.

"ಸಪ್ಪಳ ಬಂದಿರಲಿಲ್ಲ ಅಂತ ನನಗ ಅವತ್ತ ಗೊತ್ತಿತ್ರಿ. ನಾ ಹೇಳಲಿಲ್ಲ."

ಎದುರಿಗೆ ಹೋಗಿ, ಬಾಯಿ ತೋರಿಸಿ ಹೇಳಬಹುದಿತ್ತು. ಉಪ್ಪಿನ ಮಾತನ್ನು ಹಾಗೆ ಹೇಳುತ್ತೇನೆ. ಇದನ್ನು ಹೇಳಲಾಗಲಿಲ್ಲ. ಅರಿವೆಯ ತುಣುಕು ಕಟ್ಟಿಗೆಯ ಮೇಲೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತಲೇ ಇತ್ತು. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅನ್ನಕ್ಕಿಡಲು ಹೋದೆ.