ಪಾರ್ಕಿಗೆ ಬಂದ ಪುರುಡು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಎಲ್ಲಿ ಗೊತ್ತೆ? ಪಾರ್ಕಿನಲ್ಲಿ!

ತಮಾಷೆಯಲ್ಲ. ನಮ್ಮ ದೊಡ್ಡಬಳ್ಳಾಪುರದ ಕೋಟೆ ತೋಪಿನ ಕಲ್ಲು ಮಂಟಪದಲ್ಲಿ, ಸೋಮವಾರ ಬೆಳಗ್ಗೆ, ಬಿಸಿಲು ಇನ್ನೂ ಹುಣಿಸೆಮರಗಳ ತುದಿಯಲ್ಲೇ ಇದ್ದಾಗ, ನನ್ನ ಮಗಳು ರುಕ್ಮಿಣಿ ಹೆಣ್ಣುಮಗುವನ್ನು ಹೆತ್ತಳು. ತಲೆ ತುಂಬ ಕಪ್ಪು ಕೂದಲು. ಮೂಗು ನಮ್ಮ ಮನೆಯದು. ಗಂಟಲು ಮಾತ್ರ ನನ್ನ ಹೆಂಡತಿ ನಂಜಮ್ಮನದು. (ಅವಳು ಪತ್ರಿಕೆ ಓದುವುದಿಲ್ಲ, ಅದಕ್ಕೇ ಧೈರ್ಯವಾಗಿ ಬರೆದಿದ್ದೇನೆ.)

ಇದು ನಮಗೆ ಮೊದಲ ಮೊಮ್ಮಗು. ಈ ವಾರ ನಾನು ನೂಲಿನ ಅಭಾವದ ಬಗ್ಗೆಯೋ ಇದ್ದಿಲು ಬಸ್ಸಿನ ಹೊಗೆಯ ಬಗ್ಗೆಯೋ ಬರೆಯುತ್ತೇನೆಂದು ನೀವು ಕಾದಿದ್ದರೆ ಮನ್ನಿಸಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಹೇಳಿದೆನಲ್ಲವೆ? ಇರಲಿ, ಇನ್ನೊಮ್ಮೆ ಹೇಳಿದರೆ ತಪ್ಪೇನು?

ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಮಗಳನ್ನು ಗಂಡನ ಊರಾದ ತೂಬಗೆರೆಯಿಂದ ಕರೆತಂದಿದ್ದೆವು. ಭಾನುವಾರ ನೋವು ಕಾಣಿಸಿಕೊಂಡಿತು. ನಮ್ಮ ಬೀದಿಯ ಸೂಲಗಿತ್ತಿ ಮುನಿಯಮ್ಮ ಬಂದು ಕೂತಳು. ನಮ್ಮ ಪೇಟೆಯ ಅರ್ಧ ಜನರನ್ನು ಭೂಮಿಗೆ ಇಳಿಸಿದ ಕೈ ಅದು. ಬೆಳಗಿನ ಜಾವಕ್ಕೆ ಅವಳೂ ಹೊರಗೆ ಬಂದು ತಲೆ ಆಡಿಸಿದಳು.

“ಯಜಮಾನ್ರೇ, ನೋವು ಬತ್ತದೆ, ಹೋಯ್ತದೆ. ಕೂಸು ಕೆಳಕ್ಕಿಳೀತಾ ಇಲ್ಲ. ಆಸ್ಪತ್ರೆಗೆ ನಡೀರಿ.”

ಜಟಕಾ ಕರೆಸಿ ಹತ್ತಿಸಿದೆವು. ನಮ್ಮ ಬೀದಿಯಿಂದ ಆಸ್ಪತ್ರೆಗೆ ಹತ್ತಿರದ ದಾರಿ ಎಂದರೆ ತೋಪಿನ ನಡುವಿನದು. ಗಾಡಿ, ಕುದುರೆ, ಮದುವೆ ಮೆರವಣಿಗೆ, ಎಲ್ಲ ಅಲ್ಲೇ ಹಾಯುತ್ತಿದ್ದವು. ಆದರೆ ಅವತ್ತು ಜಟಕಾ ತೋಪಿನ ಬಾಯಲ್ಲಿ ಗಕ್ಕನೆ ನಿಂತಿತು. ಯಾಕೆ? ನಮ್ಮ ತೋಪು ಈಗ ತೋಪಲ್ಲ, ಪಾರ್ಕು!

ಪರ ಊರಿನ ಓದುಗರಿಗೆ ಇಷ್ಟು ಹೇಳಬೇಕು. ಆ ತೋಪನ್ನು ಹಾಕಿಸಿದವನು ಹಿಂದಿನ ಕಾಲದ ಯಾವನೋ ಪಾಳೇಗಾರ. ಹೆಸರು ಮರೆತುಹೋಗಿದೆ, ಮರಗಳು ಉಳಿದಿವೆ. ನಡುವೆ ಮಂಟಪ, ಪಕ್ಕದಲ್ಲಿ ಮೆಟ್ಟಿಲು ಬಾವಿ. ನೇಯ್ಗೆಯವರಾದ ನಾವು ಹಾಸಿನ ನೂಲನ್ನು ಮಗ್ಗಕ್ಕೆ ಏರಿಸುವ ಮೊದಲು ಅಲ್ಲೇ ಮರದಿಂದ ಮರಕ್ಕೆ ಉದ್ದಕ್ಕೆ ಎಳೆದು ಕಟ್ಟಿ, ಬೆಳಗಿನ ತಂಪಿನಲ್ಲಿ ಗಂಜಿ ಬಳಿಯುತ್ತೇವೆ. (ಅಷ್ಟು ಉದ್ದದ ನೆರಳು ಊರಿನಲ್ಲಿ ಇನ್ನೆಲ್ಲಿ ಸಿಗಬೇಕು?) ಆ ನೆರಳಿನಲ್ಲೇ ದನ ಮಲಗುತ್ತವೆ. ಸಂತೆಗೆ ಬಂದವರು ಮಲಗುತ್ತಾರೆ. ಇಸ್ಪೀಟಿನವರು ಮಾತ್ರ ಮಲಗುವುದೇ ಇಲ್ಲ. ಯುದ್ಧದ ಕಾಲದಲ್ಲಿ ಆಹಾರ ಬೆಳೆಯಿರಿ ಎಂದು ಒಂದು ಮೂಲೆಯನ್ನು ಅಗೆದು ಬದನೆ ಹಾಕಿದ್ದರು. ಬದನೆಕಾಯಿ ಬಿಟ್ಟಿದ್ದನ್ನು ಊರೆಲ್ಲ ನೋಡಿದೆ. ತಿಂದವರನ್ನು ಯಾರೂ ನೋಡಿಲ್ಲ.

ಒಟ್ಟಿನಲ್ಲಿ ಎಲ್ಲರದೂ ಆದ ಜಾಗ. ಅದಕ್ಕೇ ಮಂಟಪದ ಕಂಬಗಳ ತುಂಬ ಎಲೆಯಡಿಕೆಯ ಕೆಂಪು, ಬಾವಿಯ ತುಂಬ ಹರಕು ಚಾಪೆ.

ಯುದ್ಧ ಮುಗಿಯಿತು. ಊರು ಬೆಳೆಯತೊಡಗಿತು. ಕೆರೆಯ ಕಡೆ ಹೊಸ ಬಡಾವಣೆಗೆ ಗೂಟ ಹೊಡೆದರು. ಕರೆಂಟಿನ ಮಗ್ಗ ಬರುತ್ತವೆ ಎಂಬ ಮಾತು ಎದ್ದಿತು. ಬೆಳೆಯುವ ಊರಿಗೆ ಪಾರ್ಕು ಬೇಡವೆ? ನಮ್ಮ ಪುರಸಭೆಯ ಪ್ರೆಸಿಡೆಂಟರು ಬೆಂಗಳೂರಿಗೆ ಹೋಗಿ ಅಲ್ಲಿನ ತೋಟಗಳನ್ನೆಲ್ಲ ಸುತ್ತಿ ಬಂದರು. ಬಂದವರೇ ತೋಪಿಗೆ ಕೈ ಹಚ್ಚಿದರು. ಬಾವಿಯ ಹೂಳು ತೆಗೆಸಿದರು. ಕೆಂಪು ಜಲ್ಲಿಯ ದಾರಿ, ಕಲ್ಲು ಬೆಂಚು, ಕುಂಡದಲ್ಲಿ ಕ್ರೋಟನ್ ಗಿಡ. ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಕೊನೆಗೆ, ದನ ನುಗ್ಗದ ಹಾಗೆ ಸುತ್ತ ಬೇಲಿ, ಒಂದು ತಿರುಗುವ ಗೇಟು. ಒಬ್ಬೊಬ್ಬರೇ ಅದನ್ನು ತಿರುಗಿಸಿಕೊಂಡು ಒಳಗೆ ಹೋಗಬೇಕು.

ದನ ಹೋಗಲಾರದು. ಜಟಕಾ ಹೋಗಲಾರದು. ತುಂಬಿದ ಬಸುರಿ?

ಬಳಸಿ ಹೋಗುವಷ್ಟು ಹೊತ್ತಿರಲಿಲ್ಲ. ಮುಂದಿನಿಂದ ನಂಜಮ್ಮ ಕೈ ಹಿಡಿದು ಎಳೆದಳು. ಹಿಂದಿನಿಂದ ಮುನಿಯಮ್ಮ ಸೊಂಟಕ್ಕೆ ಕೈ ಕೊಟ್ಟಳು. ನಾನು ಗೇಟು ತಿರುಗಿಸಿದೆ. ಆ ಹೊತ್ತಿನಲ್ಲಿ ರುಕ್ಮಿಣಿ ಪುರಸಭೆಗೆ ಹಾಕಿದ ಶಾಪವನ್ನು ಇಲ್ಲಿ ಬರೆಯುವ ಹಾಗಿಲ್ಲ. ಹೇಗೋ ಒಳಗೆ ಬಂದಳು, ನಡೆದಳು. ಆ ನಾಲ್ಕು ಹೆಜ್ಜೆಯ ನಡಿಗೆಯೇ ಕೆಲಸ ಮಾಡಿತೋ ಏನೋ, ಮಂಟಪದ ಹತ್ತಿರ ಬರುವಷ್ಟರಲ್ಲಿ ಮಗಳು ಕೂತೇಬಿಟ್ಟಳು.

“ಅವ್ವಾ, ಇನ್ನಾಗಲ್ಲ.”

ಮುನಿಯಮ್ಮ ಒಂದು ಸಲ ನೋಡಿದಳು. “ಆಸ್ಪತ್ರೆನೂ ಬ್ಯಾಡ, ಏನೂ ಬ್ಯಾಡ. ಮಂಟಪಕ್ಕೆ ಹತ್ಸಿ. ಗಂಡಸ್ರು ಆ ಕಡೆ ಹೋಗಿ.”

ಆ ಕಡೆ ಯಾರಿದ್ದರು? ನಮ್ಮವರೇ. ಹಾಸು ಕಟ್ಟಿ ಗಂಜಿ ಬಳಿಯುತ್ತಿದ್ದರು. ಹೆಂಗಸರು ಕುಂಚ ಬಿಸಾಡಿ ಓಡಿಬಂದು ಮಂಟಪದ ಸುತ್ತ ಸೀರೆ ಹಿಡಿದು ನಿಂತರು. ಗಂಡಸರು ಮಂಟಪಕ್ಕೆ ಬೆನ್ನು ತಿರುಗಿಸಿ ಗಂಜಿ ಬಳಿಯುತ್ತಲೇ ಇದ್ದರು. ತಪ್ಪು ತಿಳಿಯಬೇಡಿ. ಹುಟ್ಟುವ ಮಗುವೂ ಕಾಯುವುದಿಲ್ಲ, ಒಣಗುವ ಗಂಜಿಯೂ ಕಾಯುವುದಿಲ್ಲ. ನಾನೂ ಒಂದು ಕುಂಚ ತೆಗೆದುಕೊಂಡೆ. ಸುಮ್ಮನೆ ನಿಲ್ಲುವುದಕ್ಕೆ ಕೈ ಬಿಡಲಿಲ್ಲ. ಯಾರ ಹಾಸೋ ಏನೋ, ಕಣ್ಣಿಗೆ ಒಂದು ಎಳೆಯೂ ಕಾಣಲಿಲ್ಲ.

ಆಮೇಲೆ ಆ ಗಂಟಲು ಕೇಳಿಸಿತು.

“ಹೆಣ್ಣು ಕಣ್ರಪ್ಪೋ!” ಎಂದು ಒಳಗಿಂದ ಮುನಿಯಮ್ಮ ಕೂಗಿದಳು. ಪಕ್ಕದವನು ನನ್ನನ್ನು ನೋಡಿ, “ತಾತ ಆಗ್ಬಿಟ್ಯಲ್ಲೋ, ಕುಂಚನಾದ್ರೂ ಕೆಳಗಿಡೋ, ನನ್ನ ಹಾಸೆಲ್ಲಾ ಮುದ್ದೆ ಮಾಡ್ಬಿಟ್ಟಿದ್ದೀಯ” ಎಂದ. ನಾನು ಅವನನ್ನು ಗಂಜಿ ಕೈಯಲ್ಲೇ ತಬ್ಬಿಕೊಂಡೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅವತ್ತು ಸಂಜೆಯೇ ಪಾರ್ಕಿನ ಓಪನಿಂಗ್! ಅದೇ ಮಂಟಪದಲ್ಲಿ ಪೂಜೆ, ಅದೇ ಮಂಟಪದಲ್ಲಿ ಭಾಷಣ, ತಾಲೂಕಿನ ಅಮಲ್ದಾರರು ಅದೇ ಮಂಟಪಕ್ಕೆ ಬಂದು ಟೇಪು ಕತ್ತರಿಸಬೇಕು. ಹೊತ್ತೇರುವ ಮುಂಚೆ ಪ್ರೆಸಿಡೆಂಟರು ತಳಿರು ತೋರಣ ಹೊರಿಸಿಕೊಂಡು ಬಂದರು. ನೋಡಿದರೆ ಮಂಟಪದಲ್ಲಿ ಬಾಣಂತಿ.

“ಏನ್ರೀ ಯಜಮಾನ್ರೇ, ಇದೇನ್ರೀ ಇದು?”

“ಮೊಮ್ಮಗಳು ಸ್ವಾಮಿ” ಎಂದೆ. ಬೆಲ್ಲ ಕೊಟ್ಟೆ. (ಸಕ್ಕರೆ ಹಂಚೋಣವೆಂದರೆ ರೇಷನ್.)

ಬೆಲ್ಲ ಬಾಯಿಗೆ ಹಾಕಿಕೊಂಡರು, ಆದರೆ ಮುಖ ಸಿಹಿಯಾಗಲಿಲ್ಲ. “ಸಂತೋಷ. ಬಹಳ ಸಂತೋಷ. ಈಗ ಅವರನ್ನ ಎತ್ತಿಸಿ. ಆ ಮಾಲಿ ಶೆಡ್ಡಿಗಾದ್ರೂ ಸಾಗಿಸಿ. ಅಮಲ್ದಾರರು ಐದು ಗಂಟೆಗೆ ಬಂದ್ಬಿಡ್ತಾರೆ.”

ಮುನಿಯಮ್ಮ ಸೀರೆಯ ಮರೆಯಿಂದ ತಲೆ ಹೊರಗೆ ಹಾಕಿದಳು. “ಸಂಜೆಗಂಟ ಅಲ್ಲಾಡಿಸಂಗಿಲ್ಲ. ನೆತ್ರ ಈಗ ನಿಂತದೆ. ಎತ್ತಾಡಿ ಮತ್ತೆ ಕಿತ್ಕೊಂಡ್ರೆ ನನ್ನ ಕೇಳ್ಬ್ಯಾಡಿ.” ಹೇಳಿಕಳಿಸಿದ್ದಕ್ಕೆ ಆಸ್ಪತ್ರೆಯಿಂದ ಬಂದ ಡಾಕ್ಟರೂ ನೋಡಿ ಅದೇ ಮಾತು ಹೇಳಿಹೋದರು. ಕತ್ತಲಾಗುವ ಹೊತ್ತಿಗೆ ಮಂಚದ ಮೇಲೆ ಮೆಲ್ಲಗೆ ಮನೆಗೆ ಒಯ್ಯಿರಿ, ಅಲ್ಲಿಯವರೆಗೆ ಮುಟ್ಟಬೇಡಿ ಎಂದರು.

ಪ್ರೆಸಿಡೆಂಟರು ಕೇಳಲಿಲ್ಲ. “ನಾಲ್ಕು ಜನ ಹಿಡ್ಕೊಂಡ್ರೆ ಏನಾಗುತ್ತೆ? ಹೂವಿನ ಹಾಗೆ ಸಾಗಿಸಿದ್ರಾಯ್ತು. ಇದು ಸರ್ಕಾರಿ ಸಮಾರಂಭ ಕಣ್ರೀ!”

ನಂಜಮ್ಮ ಮೆಟ್ಟಿಲ ಮೇಲೆ ಬಂದು ಕೂತಳು. “ನನ್ನ ಮಗಳ್ನ ಎತ್ತಿಸ್ಬೇಕಾದ್ರೆ ಮೊದ್ಲು ನನ್ನ ಎತ್ತಿಸಿ. ಹೂವಿನ ಹಾಗೇ ಸಾಗಿಸಿ, ನೋಡಾನ.” (ನಂಜಮ್ಮನನ್ನು ನೋಡಿದವರಿಗೆ ಇದು ಸುಲಭದ ಕೆಲಸವಲ್ಲವೆಂದು ಗೊತ್ತು.)

ಆಗಲೇ ಪೂಜೆಯ ಸಾಮಾನು ಹಿಡಿದು ಶಾಸ್ತ್ರಿಗಳು ಬಂದದ್ದು. ವಿಷಯ ಕೇಳಿದರು. ನಾಲ್ಕು ಮಾರು ಹಿಂದಕ್ಕೆ ಸರಿದು ನಿಂತರು.

“ಪ್ರೆಸಿಡೆಂಟ್ರೇ, ಬಾಣಂತಿನ ಎಬ್ಬಿಸಿದ್ರೂ ಇಲ್ಲಿ ಪೂಜೆ ನಡೆಯೋಲ್ಲ. ಮಗು ಹುಟ್ಟಿದ ಮನೆಗೆ ಹತ್ತು ದಿನ ಪುರುಡು. ಆ ಮನೆಯವರು ಪೂಜೆಗೆ ನಿಲ್ಲೋ ಹಾಗಿಲ್ಲ, ಹೊರಗಿನವರು ಅಲ್ಲಿ ನೀರು ಮುಟ್ಟೋ ಹಾಗಿಲ್ಲ.”

“ಇದು ಮನೆ ಅಲ್ವಲ್ಲ ಶಾಸ್ತ್ರಿಗಳೇ, ಪಾರ್ಕು!”

“ಯಾರದ್ದು ಪಾರ್ಕು?”

“ಪುರಸಭೆದು.”

“ಹಾಗಾದ್ರೆ ಪುರುಡು ಪುರಸಭೆಗೆ. ನೀವೇ ಅದರ ಯಜಮಾನರು. ಹತ್ತು ದಿನ ದೇವಸ್ಥಾನದ ಕಡೆ ಬರಬೇಡಿ.”

ಪ್ರೆಸಿಡೆಂಟರು ಬೆಚ್ಚಿಬಿದ್ದರು. “ಅಯ್ಯಯ್ಯೋ, ಬೇಡ ಬೇಡ. ಪುರಸಭೆದು ಅಲ್ಲ, ಸಾರ್ವಜನಿಕರದ್ದು.”

“ಹಾಗಾದ್ರೆ ಊರಿಗೆಲ್ಲ ಪುರುಡು. ಯಾರ ಮನೇಲೂ ದೇವರಿಗೆ ದೀಪ ಹಚ್ಚೋ ಹಾಗಿಲ್ಲ.”

ಸುತ್ತ ನಿಂತ ಜನ ಗಲಾಟೆ ಎಬ್ಬಿಸಿದರು. ಒಬ್ಬನ ಮನೆಯಲ್ಲಿ ಗುರುವಾರ ಮದುವೆ. ಇನ್ನೊಬ್ಬನದು ಗೃಹಪ್ರವೇಶ. “ನಮಗ್ಯಾಕ್ರೀ? ನಾವು ಈ ಕಡೆ ಕಾಲೇ ಇಡಲ್ಲ!” ಎಂದವನು ದಿನಾ ಅಲ್ಲೇ ಇಸ್ಪೀಟು ಆಡುವವನು.

“ಹಾಗಾದ್ರೆ ಜಾಗ ಸರ್ಕಾರದ್ದು” ಎಂದರು ಪ್ರೆಸಿಡೆಂಟರು.

“ಸರ್ಕಾರ ಅಂದ್ರೆ ಮಹಾರಾಜರು. ಪುರುಡನ್ನ ಮೈಸೂರಿಗೆ ಕಳಿಸೋಣವೇ?”

ಪ್ರೆಸಿಡೆಂಟರು ಎರಡು ಕೈಯಿಂದಲೂ ಕೆನ್ನೆ ಬಡಿದುಕೊಂಡರು.

ನೋಡಿ ಹೇಗಿದೆ! ಟೇಪು ಕತ್ತರಿಸುವಾಗ ಪಾರ್ಕು ಪುರಸಭೆಯದು. ಹೂವು ಕೀಳುವಾಗ ಎಲ್ಲರದು. ಪುರುಡು ಬಂದಾಗ ಯಾರದೂ ಅಲ್ಲ. ಹೀಗೆ ಕೈಯಿಂದ ಕೈಗೆ ದಾಟಿಸುತ್ತ ಹೋದರೆ ನನ್ನ ಮೊಮ್ಮಗಳು ಯಾರ ಮನೆಯಲ್ಲಿ ಹುಟ್ಟಿದ ಹಾಗಾಯಿತು?

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಒಂದು ದಾರಿ ಹೊಳೆಯಿತು. “ಶಾಸ್ತ್ರಿಗಳೇ, ಪುರುಡು ಯಾರು ಹೊತ್ತುಕೊಳ್ತಾರೋ ಮನೆ ಅವ್ರದ್ದೇ ಅಲ್ವಾ?”

“ಹೌದಪ್ಪಾ.”

“ಪುರುಡಿನ ಮನೆಯಿಂದ ಬಾಣಂತಿನ ಹೊರಗೆ ಹಾಕ್ಬೌದಾ?”

“ಛೆ ಛೆ, ಅಂಥ ಶಾಸ್ತ್ರ ಎಲ್ಲೂ ಇಲ್ಲ.”

“ಹಂಗಾದ್ರೆ ಪುರುಡು ನಮಗೇ ಇರ್ಲಿ ಬಿಡಿ. ಹತ್ತು ದಿನ ಈ ಮಂಟಪ ನಮ್ಮನೆ.”

ಪ್ರೆಸಿಡೆಂಟರು ಬಾಯಿ ತೆರೆದರು. ಶಾಸ್ತ್ರಿಗಳು ಕೈ ಎತ್ತಿ ತಡೆದರು. “ಒಳ್ಳೆಯದೇ ಆಯ್ತು ಪ್ರೆಸಿಡೆಂಟ್ರೇ. ಮಂಟಪ ಇವರದ್ದು, ಗೇಟು ನಿಮ್ಮದು. ಗೇಟಿಗೆ ಪುರುಡಿಲ್ಲ. ಪೂಜೆ ಅಲ್ಲೇ ಮಾಡೋಣ.” ನನ್ನ ಕಡೆ ತಿರುಗಿ, “ಆದ್ರೆ ಮನೆ ಅಂದ್ಮೇಲೆ ದಿನಾ ಗುಡಿಸ್ಬೇಕಪ್ಪಾ. ಹನ್ನೊಂದನೇ ದಿನ ತೊಳೆದು ಸುಣ್ಣ ಬಳಿಸಿ ಒಪ್ಪಿಸ್ಬೇಕು” ಎಂದರು.

ಸುಣ್ಣ ಎಂದ ಕೂಡಲೆ ಪ್ರೆಸಿಡೆಂಟರ ಮುಖ ಅರಳಿತು. “ಕಂಬಕ್ಕೂ ಬಳಿಸಿ” ಎಂದು ಹೇಳಿ ತೋರಣ ಹೊರಿಸಿಕೊಂಡು ಗೇಟಿನ ಕಡೆ ನಡೆದರು. ಮಗಳು ಮಲಗಿದ್ದಲ್ಲೇ ಮಲಗಿದಳು. ನನಗೆ ಆಗ ಉಸಿರು ಬಂತು.

ನಂಜಮ್ಮ ಎದ್ದಳು. ಮೊದಲು ಮಾಡಿದ ಕೆಲಸ, ಮನೆಯಿಂದ ಪೊರಕೆ ತರಿಸಿದ್ದು. ಮಂಟಪ ಗುಡಿಸಿದಳು. ಮೆಟ್ಟಿಲು ಗುಡಿಸಿದಳು. ಬಾವಿಯವರೆಗೆ ಗುಡಿಸಿದಳು. “ಅದು ನಮ್ಮದಲ್ಲ ಕಣೇ” ಎಂದೆ. “ಮನೆ ಮುಂದೆ ಅಂಗಳ ಇರಲ್ವಾ?” ಎಂದಳು. ಮಧ್ಯಾಹ್ನ ಒಬ್ಬ ದಾರಿಯಲ್ಲಿ ಹೋಗುತ್ತ ಪಿಚಕ್ಕನೆ ಉಗಿದ. ನಂಜಮ್ಮನ ಗಂಟಲು ಗೇಟಿನವರೆಗೆ ಹೋಯಿತು. “ಲೇ, ಬಾಣಂತಿ ಮನೆ ಬಾಗಿಲಲ್ಲಿ ಉಗೀತೀಯೇನೋ?” ಆತ ನಾಚಿಕೊಂಡು ಮಣ್ಣು ಮುಚ್ಚಿ ಹೋದ. ಎಷ್ಟು ವರ್ಷದಿಂದ ಉಗಿಯುತ್ತಿದ್ದನೋ, ಆವತ್ತು ಅದು ಒಬ್ಬರ ಮನೆಯೆಂದು ಗೊತ್ತಾಯಿತು. ಇಸ್ಪೀಟಿನವರು ಕೂಡ, “ತಾತ, ಆ ಮರದ ಕೆಳಗೆ ಕೂತ್ಕೊಬೌದಾ?” ಎಂದು ಕೇಳಿ ಕೂತರು. ನನ್ನ ಅಪ್ಪಣೆ ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. (ಮನೆಯಲ್ಲಂತೂ ಯಾರೂ ಕೇಳುವುದಿಲ್ಲ.)

ಓಪನಿಂಗ್ ಗೇಟಿನಲ್ಲೇ ಆಯಿತು, ಚೆನ್ನಾಗಿಯೇ ಆಯಿತು. ಅಮಲ್ದಾರರು ಟೇಪು ಕತ್ತರಿಸಿ, ಊರವರೆಲ್ಲ ಈ ಪಾರ್ಕನ್ನು ತಮ್ಮ ಸ್ವಂತ ಮನೆಯೆಂದು ತಿಳಿಯಬೇಕು ಎಂದು ಭಾಷಣ ಮಾಡಿದರು. ಜನ ನಮ್ಮ ಮಂಟಪದ ಕಡೆ ತಿರುಗಿ ನಕ್ಕರು. ಯಾಕೆಂದು ಅಮಲ್ದಾರರಿಗೆ ತಿಳಿಯಲಿಲ್ಲ. ಆಮೇಲೆ ಯಾರೋ ಹೇಳಿದರಂತೆ, ಮೆಟ್ಟಿಲವರೆಗೆ ಬಂದು ದೂರದಿಂದಲೇ ಮಗುವನ್ನು ನೋಡಿದರು. “ಹೆಸರೇನು?” ಎಂದರು. ಇನ್ನೂ ಇಟ್ಟಿಲ್ಲ ಎಂದೆ. ಹಿಂದಿನಿಂದ ಒಬ್ಬ, “ಪಾರ್ಕಮ್ಮ ಅಂತಿಡಿ ಸಾರ್” ಎಂದ. ರುಕ್ಮಿಣಿ ಒಳಗಿನಿಂದ, “ನಿನ್ನ ಮಗಳಿಗಿಡೋ” ಎಂದಳು. ಮಗಳಿಗೆ ಜೀವ ಬಂದಿದೆ ಎಂದು ನನಗೆ ಆಗ ಧೈರ್ಯವಾಯಿತು.

ಸಂಜೆಯ ಬಸ್ಸಿಗೆ ಅಳಿಯ ತೂಬಗೆರೆಯಿಂದ ಓಡೋಡಿ ಬಂದ. ಮನೆಗೆ ಹೋದರೆ ಬೀಗ, ಆಸ್ಪತ್ರೆಗೆ ಹೋದರೆ ಇಲ್ಲ, ಕೊನೆಗೆ ಪಾರ್ಕಿಗೆ ಕಳಿಸಿದರಂತೆ. ಮಗಳನ್ನು ಒಯ್ಯಲು ನನ್ನ ಮಗ ನಾರಾಯಣ ಮಂಚ ಹೊರಿಸಿಕೊಂಡು, ಗೇಟಿನ ಮೇಲಿಂದ ದಾಟಿಸಿ ತಂದ. ಮಂಚದ ಮೇಲೆ ಪಕ್ಕದ ಮನೆಯವರು ಮಾಡಿಕೊಟ್ಟ ಮುದ್ದೆಯ ಪಾತ್ರೆ, ಅವರೆಕಾಳಿನ ಸಾರು, ಬಾಣಂತಿಗೆ ಮೆಣಸಿನ ಸಾರು ಅನ್ನ. “ಉಂಡು ಹೊರಡಾನ, ಬೆಳಗ್ಗಿಂದ ಯಾರ ಹೊಟ್ಟೇಲೂ ಏನಿಲ್ಲ” ಎಂದ.

ಲಾಂದ್ರ ಹಚ್ಚಿಟ್ಟು, ಮುತ್ತುಗದ ಎಲೆ ಹಾಕಿಕೊಂಡು, ಮಂಟಪದಲ್ಲೇ ಸುತ್ತ ಕೂತೆವು. ನಂಜಮ್ಮ ಬಡಿಸಿ ತಾನೂ ಕೂತಳು. ರುಕ್ಮಿಣಿ ಕಂಬಕ್ಕೆ ಒರಗಿ ಉಂಡಳು. ಮಗು ಅಪ್ಪನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ನನಗೆ ಎರಡು ಮುದ್ದೆ ಸಾಲದೆ ಮೂರನೆಯದಕ್ಕೆ ಕೈ ಹಾಕಿದೆ. ಮೊಮ್ಮಗಳು ಹುಟ್ಟಿದ ದಿನ ಯಾರು ಲೆಕ್ಕ ಇಡುತ್ತಾರೆ?

ಅಳಿಯ ಸುತ್ತ ನೋಡಿ, “ಮಾವ, ಜಾಗ ಎಷ್ಟು ಚೊಕ್ಕಟವಾಗಿ ಇಟ್ಕೊಂಡಿದ್ದಾರೆ. ದಿನಾ ಹಿಂಗೇ ಇರ್ತದಾ?” ಎಂದ.

“ಹತ್ತು ದಿನ ಇರ್ತದಪ್ಪ, ಪುರುಡು ಕಳಿಯೋಗಂಟ ನಮ್ಮದು. ಆಮೇಲೆ ಮತ್ತೆ ಎಲ್ಲರದೂ ಆಗ್ತದೆ” ಎಂದೆ.

ನಂಜಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಅಂದ್ರೆ, ಆಮೇಲೆ ಗುಡಿಸೋರು ಯಾರೂ ಇಲ್ಲ ಅಂತಾನಾ?”